ಒಣಗಂಟಲ ಮಾತ್ರೆ

ಆ ಮನೆಯಲ್ಲಿ ಮಾತ್ರೆ ನುಂಗಲು ಯಾರೂ ನೀರು ಕೇಳುತ್ತಿರಲಿಲ್ಲ. ಮಾತ್ರೆಯನ್ನು ನಾಲಗೆಯ ಬುಡಕ್ಕೆ ತಳ್ಳಿ, ಕೋಳಿ ನೀರು ಕುಡಿದ ಹಾಗೆ ಕತ್ತು ಮೇಲಕ್ಕೆತ್ತಿ, ಒಂದು ಸಲ ಗುಟುಕ್ ಎನಿಸಿದರೆ ಮುಗಿಯಿತು. ಈ ವಿದ್ಯೆಯನ್ನು ಮನೆಗೆ ತಂದವಳು ಅಜ್ಜಿ. ವಯಸ್ಸಿದ್ದಾಗ ಅವಳು ಗಾರ್ಮೆಂಟ್ಸ್‌ನಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಿದ್ದಳು. ಮೆಷಿನ್ ಬಿಟ್ಟು ಎದ್ದರೆ ಸೂಪರ್‌ವೈಸರನ ಮುಖ ಗಂಟಿಕ್ಕುತ್ತಿತ್ತು. ನೀರು ಕುಡಿದರೆ ತಾನೇ ಏಳಬೇಕಾಗುವುದು ಎಂದು ನೀರನ್ನೇ ಬಿಟ್ಟಳು. ತಲೆನೋವಿನ ಮಾತ್ರೆ ಎಂಜಲಿನಲ್ಲೇ ಇಳಿಯತೊಡಗಿತು. ಮಗಳು ಅದನ್ನು ನೋಡುತ್ತ ಬೆಳೆದಳು.

ಮಗಳ ಕೆಲಸವಂತೂ ಅಜ್ಜಿಯ ಕೆಲಸವನ್ನು ಮೀರಿಸಿದ್ದು. ಹೊಳೆಗೆ ಹೊಸ ಸೇತುವೆ ಕಟ್ಟುತ್ತಿದ್ದ ಸೈಟಿನಲ್ಲಿ ಅವಳು ಟವರ್ ಕ್ರೇನ್ ಓಡಿಸುತ್ತಿದ್ದಳು. ಬೆಳಿಗ್ಗೆ ಕಬ್ಬಿಣದ ಏಣಿ ಹತ್ತಿ ಆ ಗಾಜಿನ ಗೂಡಿನಲ್ಲಿ ಕೂತಳೆಂದರೆ ಸಂಜೆಯವರೆಗೆ ನೆಲ ಮುಟ್ಟುವವಳಲ್ಲ. ನಡುವೆ ಇಳಿದು ಹತ್ತಿದರೆ ಅಷ್ಟು ಹೊತ್ತೂ ಕೆಳಗಿನ ಕೆಲಸವೆಲ್ಲ ಕೈಕಟ್ಟಿ ನಿಲ್ಲಬೇಕು. ಆದ್ದರಿಂದ ಅವಳೂ ತುಟಿಗೆ ನೀರು ಸೋಕಿಸುತ್ತಿರಲಿಲ್ಲ. ಸೈಟಿನ ಜನ ಅವಳನ್ನು ‘ಮೇಲಿನಕ್ಕ’ ಎಂದೇ ಕರೆಯುತ್ತಿದ್ದರು.

ಅಳಿಯ ಮಾತ್ರ ಬೇರೆ ಜಾತಿಯ ಪ್ರಾಣಿ. ಮನೆಯ ಮುಂದಿನ ಕೋಣೆಯಲ್ಲೇ ಅವನ ಕಟಿಂಗ್ ಶಾಪು. ಸಾಸಿವೆಕಾಳಿನಷ್ಟು ಮಾತ್ರೆಗೂ ಅವನಿಗೆ ದೊಡ್ಡ ಲೋಟದ ತುಂಬ ನೀರು ಬೇಕು.

“ಮಾತ್ರೆ ನುಂಗ್ತೀರೋ ಇಲ್ಲ ಈಜು ಕಲಿಸ್ತೀರೋ ಅದಕ್ಕೆ?” ಎಂದು ಅಜ್ಜಿ ಕೇಳುವಳು.

“ಅತ್ತೆ, ನನ್ನ ಗಂಟಲು ನನ್ನಿಷ್ಟ.”

“ಅಪ್ಪಂಗೆ ಬರಲ್ಲ, ಅಪ್ಪಂಗೆ ಬರಲ್ಲ!” ಎಂದು ಮೊಮ್ಮಗಳು, ಎಲ್ಲರ ಬಾಯಿಯ ‘ಚಿನಕುರುಳಿ’, ಕುಣಿಯುವಳು. ಶೀತಕ್ಕೆ ಕೊಟ್ಟ ಮಾತ್ರೆಯನ್ನು ಅವಳು ಆಗಲೇ ಅಜ್ಜಿಯ ಹಾಗೆ ಕತ್ತೆತ್ತಿ ನುಂಗಿ ತೋರಿಸಿದ್ದಳು. ಅಜ್ಜಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಆ ದಿನಗಳಲ್ಲಿ ಮನೆಯೇ ಒಂದು ಗುಂಗಿನಲ್ಲಿತ್ತು. ಸೇತುವೆ ಎರಡೂ ದಡದಿಂದ ಬೆಳೆದು ಬಂದು ನಡುವೆ ಒಂದು ಕಂಡಿ ಮಾತ್ರ ಉಳಿದಿತ್ತು. ಅದನ್ನು ಮುಚ್ಚುವ ಕೊನೆಯ ಗರ್ಡರ್, ಉಕ್ಕಿನ ಆ ಮಹಾ ತೊಲೆ, ದೋಣಿಕಟ್ಟೆಯ ಪಕ್ಕ ಬಂದು ಮಲಗಿತ್ತು. ಅದನ್ನೆತ್ತಿ ಕೂರಿಸುವವಳು ಮೇಲಿನಕ್ಕ! ಶಾಪಿಗೆ ಬಂದ ಗಿರಾಕಿಗಳಿಗೆ ಅಳಿಯ ಬಾಚಣಿಗೆ ಕತ್ತರಿಗಳನ್ನು ಸೇರಿಸಿ ಸೇತುವೆ ಮಾಡಿ ತೋರಿಸುತ್ತಿದ್ದ. ಅರ್ಧ ಬೋಳಿಸಿದ ಗಡ್ಡದಲ್ಲೇ ಅವರು ಪ್ರಶ್ನೆ ಕೇಳುತ್ತಿದ್ದರು. ಎದುರು ಮನೆಯ ಮಹಡಿಯ ಮೇಲೆ ಯಾರು ಎಲ್ಲಿ ನಿಲ್ಲಬೇಕೆಂದು ಚಿನಕುರುಳಿ ಸೀಮೆಸುಣ್ಣದಲ್ಲಿ ಗುರುತು ಹಾಕಿಬಂದಿದ್ದಳು.

ಅಷ್ಟರಲ್ಲಿ ಮಗಳ ಮೊಣಕಾಲಿನ ಕೆಳಗೆ ತುಕ್ಕು ಹಿಡಿದ ತಗಡು ಗೀರಿ ಗಾಯವಾಯಿತು. ಗಾಯ ಕೆಂಪೇರಿ ಊದಿತು. ಸೈಟಿನ ಹತ್ತಿರದ ಕ್ಲಿನಿಕ್ಕಿನಲ್ಲಿ ಬ್ಯಾಂಡೇಜು ಸುತ್ತಿ, ಕೀವಾಗದಿರಲೆಂದು ಕ್ಯಾಪ್ಸೂಲ್ ಕೊಟ್ಟರು: ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ಮೇಲೆ. ಹೇಗೆ ನುಂಗಬೇಕೆಂದು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ನುಂಗುವುದನ್ನೂ ಯಾರಾದರೂ ಕೇಳಿ ಕಲಿಯುತ್ತಾರೆಯೇ?

ಕೆಲಸದಿಂದ ಬಂದವಳು ನಾಲ್ಕು ತುತ್ತು ತಿಂದು ಚಾಪೆಯ ಮೇಲೆ ದೊಪ್ಪನೆ ಬೀಳುತ್ತಿದ್ದಳು. ಅಜ್ಜಿಯೇ ಕ್ಯಾಪ್ಸೂಲನ್ನು ಅಂಗೈಗೆ ಹಾಕುತ್ತಿದ್ದಳು.

“ಗಾಯದ ಮಾತ್ರೆ ಕಣೇ. ಮರೀಬೇಡ.”

ಮಗಳು ಮಲಗಿದಲ್ಲೇ ತಲೆ ತುಸು ಎತ್ತಿ, ಬಾಯಿಗೆಸೆದುಕೊಂಡು, ಗುಟುಕ್ ಎನಿಸಿ, ಮಗ್ಗುಲಾಗಿ ನಿದ್ದೆ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಬ್ರೆಡ್ಡಿನ ಮೊದಲ ತುತ್ತು ನುಂಗಿದವಳು ಹಾಗೇ ಕಲ್ಲಾದಳು. ಕೈ ಎದೆಯ ನಡುಮಧ್ಯಕ್ಕೆ ಹೋಯಿತು. ಕಣ್ಣಲ್ಲಿ ನೀರು ತುಂಬಿತು.

“ಏನಾಯ್ತೇ?”

“ಏನಿಲ್ಲ. ಬಿಸಿ ಇತ್ತು.”

ಬ್ರೆಡ್ಡು ನಿನ್ನೆಯದು, ಕಲ್ಲಿನಂತೆ ತಣ್ಣಗಿತ್ತು. ಅಜ್ಜಿಯ ಕಣ್ಣು ತಟ್ಟೆ ಬಿಟ್ಟು ಕದಲಲಿಲ್ಲ. ಮಗಳು ಉಳಿದ ಬ್ರೆಡ್ಡನ್ನು ಚಿನಕುರುಳಿಯ ತಟ್ಟೆಗೆ ದಾಟಿಸಿ, ತಣ್ಣನೆ ಹಾಲು ಕುಡಿದು ಎದ್ದಳು. ಮಧ್ಯಾಹ್ನಕ್ಕೆ ಕಟ್ಟಿಕೊಟ್ಟ ಬುತ್ತಿ ಸಂಜೆ ಹಾಗೇ ಮನೆಗೆ ಬಂತು. ಮರುದಿನವೂ ಬಂತು. ಹುರಿದ ಆಲೂಗಡ್ಡೆಗೆ ಪ್ರಾಣ ಬಿಡುವವಳು ಬಾಣಲೆಯ ಸದ್ದಿಗೇ ಮುಖ ತಿರುಗಿಸಿದಳು.

“ಎದೆ ನಡುವೆ ಕೆಂಡ ಇಟ್ಟ ಹಾಗಾಗತ್ತಮ್ಮ,” ಎಂದು ಕೊನೆಗೆ ಒಪ್ಪಿಕೊಂಡಳು, ಪಾತ್ರೆ ತೊಳೆಯುವಾಗ, ಪಿಸುಮಾತಿನಲ್ಲಿ. “ನುಂಗಿದ್ದು ಇಳಿಯಲ್ಲ. ಎಂಜಲು ನುಂಗಿದರೂ ನೋವು. ಬೆನ್ನಿಗೂ ಹೊಡೆಯತ್ತೆ.”

ಅಜ್ಜಿಯ ಕೈಯಿಂದ ಲೋಟ ಜಾರಿತು. “ಅಯ್ಯೋ, ಹಾರ್ಟು!”

“ಮೆಲ್ಲಗೆ! ಶಾಪಲ್ಲಿ ಸೈಟಿನ ಹುಡುಗರಿದಾರೆ. ಎದೆನೋವು ಅನ್ನೋ ಮಾತು ಸೇಫ್ಟಿ ಆಫೀಸರ್ ಕಿವಿಗೆ ಬಿದ್ದರೆ ಅವತ್ತೇ ನನ್ನ ಇಳಿಸ್ತಾನೆ. ಮೀಸೆ ಹತ್ತುತಾನೆ. ಕೊನೇ ಗರ್ಡರ್ ಅವನೇ ಎತ್ತುತಾನೆ. ಒಂದು ಸಲ ಇಳಿಸಿದರೆ ಮತ್ತೆ ಹತ್ತಿಸಲ್ಲಮ್ಮ. ಹೆಂಗಸು, ಮೇಲಿಂದ ಎದೆನೋವು ಬೇರೆ. ಗೋಡೌನಲ್ಲಿ ಬೋಲ್ಟು ಎಣಿಸೋಕೆ ಹಾಕ್ತಾರೆ.”

ಮೀಸೆ ಎಂದರೆ ಬದಲಿ ಆಪರೇಟರ್. ಕೆಟ್ಟವನಲ್ಲ, ಆದರೆ ಆ ಗೂಡಿನ ಮೇಲೆ ಅವನಿಗೂ ಒಂದು ಕಣ್ಣಿತ್ತು.

“ಡಾಕ್ಟರಿಗಾದ್ರೂ ತೋರಿಸೇ ತಾಯಿ.”

“ಗರ್ಡರ್ ಕೂರಲಿ, ಆಮೇಲೆ.”

“ಅಷ್ಟರಲ್ಲಿ ನೀನೇ ಕೂತುಬಿಟ್ಟರೆ?”

“ಅಮ್ಮಾ, ನಿನ್ನ ಬಾಯಿಗೊಂದು ಬೀಗ ಹಾಕು. ನಿನ್ನ ಅಳಿಯಂಗೂ ಹೇಳಬೇಡ. ಅವರ ಹೊಟ್ಟೇಲಿ ಮಾತು ನಿಲ್ಲಲ್ಲ, ಕತ್ತರಿ ಜೊತೆ ಅದೂ ಆಡ್ತಿರತ್ತೆ.”

ಅಜ್ಜಿ ಬೀಗ ಹಾಕಿದಳು. ತನ್ನ ಮೊಣಕಾಲುನೋವಿನ ಮಾತ್ರೆಯನ್ನೇ ಒಂದೊಂದಾಗಿ ಮಗಳಿಗೆ ಕೊಡತೊಡಗಿದಳು, ಎದೆಯ ನೋವಿಗಾದರೂ ಆಗಲೆಂದು. ಮಗಳು ಕ್ಯಾಪ್ಸೂಲಿನ ಜೊತೆ ಅದನ್ನೂ ಹಾಗೇ ಒಣದಾಗಿ ನುಂಗಿ ಮಲಗಿದಳು. ನೋವು ದುಪ್ಪಟ್ಟಾಯಿತು. ಕೆನ್ನೆ ಗುಳಿಬಿತ್ತು, ಬೆಲ್ಟಿಗೆ ಹೊಸ ತೂತು ಬಿತ್ತು.

ಅಳಿಯ ಕುರುಡನೇನಲ್ಲ. “ಏನೇ ಇದು, ಹಸುಗೂಸಿನ ಹಾಗೆ ಬರೀ ಹಾಲಲ್ಲೇ ಇದೀಯ?” ಎಂದು ಊಟದ ಮಧ್ಯೆ ಕೇಳಿದ.

“ಡಯಟ್ಟು.”

“ಕ್ರೇನಿಗೇನು ನಿನ್ನ ತೂಕ ಹೆಚ್ಚಾಯ್ತಂತಾ?”

“ನಿಮಗ್ಯಾಕೆ? ನೀವು ತಿನ್ನಿ.”

“ತಿನ್ನಲ್ಲ ಹೋಗು!” ಎಂದು ಅವನು ತಟ್ಟೆ ತಳ್ಳಿ ಎದ್ದ. ಅಜ್ಜಿ ಸಿಡುಕಿದಳು: “ಒಬ್ಬಳು ತಿನ್ನಲ್ಲ, ಇನ್ನೊಬ್ಬರು ತಳ್ತಾರೆ. ನಾನು ಬೇಯಿಸಿದ್ದು ಯಾರಿಗೆ, ಗೋಡೆಗಾ?” ಚಿನಕುರುಳಿ ಎಲ್ಲರ ಮುಖ ನೋಡಿ, ಅಪ್ಪನ ತಟ್ಟೆಯ ಮೊಟ್ಟೆಯನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡಳು.

ರಜೆಯ ದಿನ ಬೆಳಿಗ್ಗೆ ಅಜ್ಜಿ ಒಂದು ನಿರ್ಧಾರಕ್ಕೆ ಬಂದಳು. ಮಗಳಿಗೆ ಕೊಟ್ಟ ಮಾತು ಮುರಿಯಬಾರದು, ಮಗಳನ್ನು ಡಾಕ್ಟರಿಗೂ ತೋರಿಸಬೇಕು. ಅವಳು ಮೊಮ್ಮಗಳನ್ನು ಹೊಲಿಗೆ ಮೆಷಿನ್ನಿನ ಹಿಂದಕ್ಕೆ ಕರೆದು ಕಿವಿಯಲ್ಲಿ ಏನೋ ಹೇಳಿದಳು. ಆಮೇಲೆ ಎದೆ ಹಿಡಿದುಕೊಂಡು ನೆಲದ ಮೇಲೆ ಕೂತಳು.

“ಅಮ್ಮಾ, ಅಪ್ಪಾ! ಅಜ್ಜಿಗೆ ಎದೆನೋವು!” ಎಂದು ಚಿನಕುರುಳಿ ಬೀದಿ ಎದ್ದು ಕೂರುವ ಹಾಗೆ ಕೂಗಿದಳು. ಮತ್ತೆ ಬಗ್ಗಿ, “ಅಜ್ಜಿ, ನೀನೂ ಸ್ವಲ್ಪ ಕಿರುಚು,” ಎಂದಳು.

ಅಜ್ಜಿ ಕಿರುಚಿದಳು. ನಲವತ್ತು ಮೆಷಿನ್ನುಗಳ ಸದ್ದಿನ ಮೇಲೆ ಮಾತಾಡಿ ಪಳಗಿದ ಗಂಟಲು ಅದು. ಅಳಿಯ ಗಿರಾಕಿಯ ಕೆನ್ನೆಯ ಮೇಲೆ ನೊರೆ ಬಿಟ್ಟು ಓಡಿಬಂದ. ಮಗಳು ಸ್ನಾನದ ಮನೆಯಿಂದ ಒದ್ದೆ ಕೂದಲಲ್ಲೇ ಬಂದಳು. ಆಟೋ ಬಂತು, ನಾಲ್ವರೂ ತುರುಕಿಕೊಂಡರು. ದಾರಿಯುದ್ದಕ್ಕೂ ಮಗಳು ತಾಯಿಯ ಬೆನ್ನು ಸವರುತ್ತ, “ಏನಾಗಲ್ಲಮ್ಮ, ಉಸಿರು ತಗೋ,” ಎನ್ನುತ್ತಿದ್ದಳು. ಅವಳ ಮುಖ ಸುಣ್ಣದಂತಾಗಿದ್ದುದನ್ನು ನೋಡಿ ಅಜ್ಜಿಗೆ ಪಾಪ ಅನಿಸಿತು. ಆದರೂ ನರಳುವುದನ್ನು ನಿಲ್ಲಿಸಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಟೆತಸ್ಕೋಪ್ ಕಿವಿಗಿಟ್ಟುಕೊಂಡು ಬಗ್ಗುವುದಕ್ಕೂ ಅಜ್ಜಿ ಚಂಗನೆ ಎದ್ದು ನಿಲ್ಲುವುದಕ್ಕೂ ಸರಿಹೋಯಿತು. ಮಗಳ ಭುಜ ಒತ್ತಿ ಅದೇ ಕುರ್ಚಿಯಲ್ಲಿ ಕೂರಿಸಿದಳು.

“ನನಗಲ್ಲ ಡಾಕ್ಟರೇ, ಇವಳಿಗೆ. ನೋವು ಇವಳದು, ಕಿರುಚಿದ್ದು ಮಾತ್ರ ನಾನು.”

“ಅಮ್ಮಾ!”

“ಬೀಗ ಹಾಕಿದೀನಿ, ಇನ್ನು ನೀನೇ ಬಾಯಿಬಿಡು.”

ಅಳಿಯ ಒಮ್ಮೆ ಅತ್ತೆಯ ಮುಖ, ಒಮ್ಮೆ ಹೆಂಡತಿಯ ಮುಖ ನೋಡಿದ. “ಡಯಟ್ಟು?” ಎಂದಷ್ಟೇ ಕೇಳಿದ. ಮಗಳು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು.

ಡಾಕ್ಟರಮ್ಮ ಮೊದಲು ಇ.ಸಿ.ಜಿ. ತೆಗೆಸಿದರು. ಪಟ್ಟಿಯನ್ನು ಬೆಳಕಿಗೆ ಹಿಡಿದು, “ಹೃದಯ ಗಡಿಯಾರದ ಹಾಗಿದೆ,” ಎಂದರು. ಅಜ್ಜಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದಳು, ಈ ಸಲ ನಿಜವಾಗಿ.

“ನುಂಗುವಾಗಲೇ ನೋವು ಅಂತೀರಿ. ಯಾವುದಾದರೂ ಮಾತ್ರೆ ತಗೊಳ್ತಿದೀರಾ?”

ಅಜ್ಜಿ ಬರುವಾಗಲೇ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕ್ಯಾಪ್ಸೂಲಿನ ಪಟ್ಟಿಯನ್ನು ಮಗಳು ತೋರಿಸಿದಳು.

“ಇದನ್ನ ಹೇಗೆ ನುಂಗ್ತೀರಿ? ಎಷ್ಟು ನೀರು?”

ಅಜ್ಜಿಗೆ ತಡೆಯಲಾಗಲಿಲ್ಲ. “ನೀರೇ ಬೇಡ ಡಾಕ್ಟರೇ! ನಮ್ಮ ಮನೇಲಿ ಯಾರಿಗೂ ನೀರು ಬೇಕಾಗಲ್ಲ. ಇವರೊಬ್ಬರನ್ನ ಬಿಟ್ಟು,” ಎಂದು ಅಳಿಯನತ್ತ ಕೈ ತೋರಿದಳು. “ಇವಳಂತೂ ಮಲಗಿಕೊಂಡೇ ನುಂಗ್ತಾಳೆ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

“ನೀರಿಲ್ಲದೆ, ಮಲಗಿಕೊಂಡು?”

“ಚಿಕ್ಕಂದಿನಿಂದ ಕಲಿಸಿದೀನಿ,” ಎಂದಳು ಅಜ್ಜಿ. ಆದರೆ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಅವಳ ದನಿ ಇಳಿದಿತ್ತು.

ಮರುದಿನ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿ, ತುದಿಯಲ್ಲಿ ಕ್ಯಾಮೆರಾ ಇರುವ ತೆಳು ಕೊಳವೆಯನ್ನು ಗಂಟಲಿನೊಳಗೆ ಇಳಿಸಿ ನೋಡಿದರು. ಆಮೇಲೆ ಟಿ.ವಿ. ಪರದೆಯಲ್ಲಿ ತೋರಿಸಿದರು. ಗುಲಾಬಿ ಬಣ್ಣದ ಒದ್ದೆ ಕೊಳವೆ. ಅದರ ನಡುಭಾಗದಲ್ಲಿ ಬಿಳಿ ಪೊರೆಯ, ಕೆಂಪು ಅಂಚಿನ ಹುಣ್ಣು. ಅದರ ಎದುರಿಗೇ ಇನ್ನೊಂದು.

“ಇದು ಅನ್ನನಾಳ. ಬಾಯಿಂದ ಹೊಟ್ಟೆಗೆ ಹೋಗೋ ದಾರಿ. ನೀವು ಗುಟುಕ್ ಅನಿಸಿದಾಗ ಮಾತ್ರೆ ಹೊಟ್ಟೆಗೆ ಹೋಯ್ತು ಅಂದ್ಕೊಂಡಿರಿ. ಹೋಗಿರಲಿಲ್ಲ. ಇಲ್ಲಿ ಅಂಟಿಕೊಂಡು ಕರಗಿದೆ. ಈ ಕ್ಯಾಪ್ಸೂಲಿನ ಪುಡಿ ಒಂದೇ ಕಡೆ ಕೂತರೆ ಸುಡತ್ತೆ. ಅದರ ಮೇಲೆ ನೋವಿನ ಮಾತ್ರೆ ಬೇರೆ ಹಾಕಿದೀರಿ, ಅದೂ ಅಂಥದ್ದೇ.”

ಅಜ್ಜಿ ಪರದೆಯ ಹತ್ತಿರ ಹೋಗಿ ನಿಂತಳು. ಆ ನೋವಿನ ಮಾತ್ರೆ ಅವಳ ಸೆರಗಿನ ಗಂಟಿನಲ್ಲಿ ಆಗಲೂ ಇತ್ತು. “ವಾಸಿ ಆಗತ್ತಾ?”

“ಖಂಡಿತ. ಗಾಯ ಒಣಗಿದೆ, ಆ ಕ್ಯಾಪ್ಸೂಲ್ ಇವತ್ತಿಗೆ ನಿಲ್ಲಲಿ. ಒಳಗಿನ ಹುಣ್ಣಿನ ಮೇಲೆ ಲೇಪ ಆಗೋ ಸಿರಪ್ ಕೊಡ್ತೀನಿ. ತಣ್ಣಗಿರೋದು, ಮೆತ್ತಗಿರೋದು ತಿನ್ನಲಿ. ಮುಂದೆ ಯಾವ ಮಾತ್ರೆ ಆದ್ರೂ ಕೂತೋ ನಿಂತೋ, ಒಂದು ಲೋಟ ತುಂಬ ನೀರಿನ ಜೊತೆ. ನುಂಗಿ ಅರ್ಧ ಗಂಟೆ ಮಲಗೋ ಹಾಗಿಲ್ಲ. ಮತ್ತೆ ದಿನವಿಡೀ ನೀರಿಲ್ಲದೆ ಕೂರೋದು, ಅದು ನಿಲ್ಲಬೇಕು. ಒಣಗಿದ ದಾರೀಲಿ ಏನೂ ಜಾರಲ್ಲ.”

“ಕ್ರೇನ್ ಹತ್ತಬಹುದಾ?” ಮಗಳಿಗೆ ಬೇಕಾದ್ದು ಅದೊಂದೇ.

“ಸರಿಯಾಗಿ ಊಟ ಮಾಡೋಕೆ ಶುರುಮಾಡಿದ ಮೇಲೆ ಹತ್ತಿ. ಹೃದಯದ ತೊಂದರೆ ಇಲ್ಲ ಅಂತ ನಾನೇ ಬರೆದುಕೊಡ್ತೀನಿ.”

ಹೊರಗೆ ಬಂದೊಡನೆ ಅಳಿಯ ಅತ್ತೆಯ ಎದುರು ಎದೆಯುಬ್ಬಿಸಿ ನಿಂತ. “ಈಜು ಕಲಿಸ್ತೀರಾ ಅಂದ್ರಲ್ಲ ಅತ್ತೆ?”

“ಆಯ್ತು ಮಹರಾಯರೇ, ನೀವು ಗೆದ್ದಿರಿ,” ಎಂದಳು ಅಜ್ಜಿ. “ಆಟೋ ಕರೀರಿ ಮೊದಲು.”

ಮುಂದಿನ ವಾರಗಳು ಮೆತ್ತನೆಯ ವಾರಗಳು. ತೆಳ್ಳನೆ ಗಂಜಿ, ಕಿವುಚಿದ ಬಾಳೆಹಣ್ಣು, ಮೊಸರು, ನುಣ್ಣಗೆ ಅರೆದ ಆಲೂಗಡ್ಡೆ. ಮಗಳು ರಜೆ ಹಾಕಿದಳು. ಗರ್ಡರ್ ಎತ್ತುವ ದಿನಕ್ಕೆ ಇನ್ನೂ ಸಮಯವಿತ್ತು; ಅಲ್ಲಿಯವರೆಗಿನ ಸಣ್ಣಪುಟ್ಟ ಕೆಲಸಕ್ಕೆ ಮೀಸೆ ಗೂಡಿನಲ್ಲಿ ಕೂತ. ಅವಳು ಎದುರು ಮನೆಯ ಮಹಡಿಯಿಂದ ಅವನ ಕೆಲಸ ನೋಡಿ, “ಎಷ್ಟು ಜೋಲಿ ಹೊಡೆಸ್ತಾನೆ ನೋಡಮ್ಮ!” ಎಂದು ಹಲ್ಲು ಕಡಿಯುತ್ತಿದ್ದಳು. ಚಿನಕುರುಳಿ ನೀರಿನ ಪೊಲೀಸಾದಳು. ಯಾರ ಕೈಯಲ್ಲಿ ಮಾತ್ರೆ ಕಂಡರೂ ಲೋಟ ಹಿಡಿದು ಓಡಿಬಂದು, “ಪೂರ್ತಿ! ಪೂರ್ತಿ!” ಎನ್ನುವಳು. ಅಜ್ಜಿ ಮೊಣಕಾಲಿನ ಮಾತ್ರೆಗೆ ಮೊದಲ ಸಲ ಲೋಟ ಎತ್ತಿದಾಗ ಮೂಗಿಗೆ ನೀರು ಹತ್ತಿ ಕೆಮ್ಮಿದಳು. ಮಗಳು ನಕ್ಕಳು. ನಗುವಾಗ ಎದೆ ಹಿಡಿಯಲಿಲ್ಲ.

ನೋವೇನೋ ಇಳಿಯಿತು, ತೊಡಕು ಇಳಿಯಲಿಲ್ಲ. ನೀರು ಕುಡಿಯಬೇಕು; ಕುಡಿದರೆ ಇಳಿಯಬೇಕು; ಮೇಲಿಂದ ಕೆಲಸದ ಮಧ್ಯೆ ಇಳಿದವರು ಈ ತನಕ ಯಾರೂ ಇಲ್ಲ. ಕೇಳುವುದು ಹೇಗೆಂದು ಮಗಳು ಯೋಚಿಸುತ್ತಿದ್ದಾಗ ಸೈಟ್ ಇಂಜಿನಿಯರ್ ತಾನಾಗಿಯೇ ಬಂದು ಶಾಪಿನ ಕುರ್ಚಿಯಲ್ಲಿ ಕೂತ. ಗರ್ಡರ್ ಎತ್ತುವ ದಿನಕ್ಕೆ ದೊಡ್ಡವರೆಲ್ಲ ಬರುತ್ತಾರಲ್ಲ, ನೀಟಾಗಿ ಕಾಣಬೇಡವೇ? ಅಳಿಯ ಬಿಳಿ ಬಟ್ಟೆ ಸುತ್ತಿ, ಒಂದು ಕಡೆಯ ಕೂದಲು ಕತ್ತರಿಸಿ ಮುಗಿಸಿದ. ಆಗ ಒಳಬಾಗಿಲಿಂದ ಮಗಳು ಬಂದಳು, ಅವಳ ಹಿಂದೆ ಅಜ್ಜಿ.

“ಸರ್, ಡಾಕ್ಟರ್ ಚೀಟಿ ಕೊಟ್ಟಿದೀನಲ್ಲ. ನಾಳಿದ್ದಿನಿಂದ ನಾನು ಹತ್ತುತೀನಿ. ಆದ್ರೆ ನಡುವೆ ಒಂದು ಸಲ ಇಳೀತೀನಿ.”

“ಇಳಿಯೋದಾ? ಯಾಕಮ್ಮ?”

“ನೀರು ಕುಡೀಬೇಕು. ಟಾಯ್ಲೆಟ್ಟಿಗೆ ಹೋಗ್ಬೇಕು.”

ಇಂಜಿನಿಯರ್ ಕನ್ನಡಿಯಲ್ಲೇ ಅವಳನ್ನು ನೋಡಿದ. “ಇಷ್ಟು ವರ್ಷ ಯಾರೂ ಕೇಳಿಲ್ಲವಲ್ಲ. ಮೀಸೆ ಕೇಳಿಲ್ಲ.”

“ಮೀಸೆ ಮೇಲಕ್ಕೆ ಖಾಲಿ ಬಾಟ್ಲಿ ತಗೊಂಡು ಹೋಗ್ತಾರೆ ಸರ್. ಇಳಿಯುವಾಗ ಅದು ಖಾಲಿ ಇರಲ್ಲ. ನನ್ನ ಕೈಲಿ ಅದು ಆಗಲ್ಲ.”

ಅಳಿಯ ಕತ್ತರಿ ಮುಚ್ಚಿ ಕಿವಿ ಕೆರೆದುಕೊಂಡ. ಇಂಜಿನಿಯರ್ ಕೆಂಪಾದ. “ಸರಿ, ಬೇರೆ ದಿನ ಇಳಿ. ಗರ್ಡರ್ ದಿನ ಮಾತ್ರ ಬೇಡ. ಎಲ್ಲರೂ ನೋಡ್ತಿರ್ತಾರೆ.”

“ಬೆಳಿಗ್ಗೆಯಿಂದ ಸಾಮಾನು ಎತ್ತಿ ಎತ್ತಿ, ಅದರ ಮೇಲೆ ಗರ್ಡರ್ ಅಂದ್ರೆ ಸಂಜೆ ಆಗತ್ತೆ ಸರ್. ಗರ್ಡರಿಗೆ ಮುಂಚೆ ಇಳೀಲೇಬೇಕು.”

“ನೀನು ಹೀಗೆ ಹಟ ಮಾಡಿದ್ರೆ ಅವತ್ತು ಮೀಸೇನೇ ಕೂರಿಸ್ತೀನಿ.”

‘ಆಯ್ತು ಸರ್’ ಅಂದುಬಿಡು ಎಂದು ಅಜ್ಜಿಯ ನಾಲಗೆ ತುದಿಗೇ ಬಂದಿತ್ತು. ಗೂಡು ಹೋದರೆ ಮಗಳು ಅರ್ಧ ಮಗಳು. ಆದರೆ ಪರದೆಯಲ್ಲಿ ಕಂಡ ಆ ಬಿಳಿ ಹುಣ್ಣು ಕಣ್ಣಮುಂದೆ ನಿಂತಿತು.

“ಕೂರಿಸಿ ಸರ್,” ಎಂದಳು ಮಗಳು. “ನೀರು ಕುಡೀದೆ ನಾನು ಹತ್ತಲ್ಲ.”

“ಕೇಳಿದ್ರಲ್ಲ?” ಎಂದಳು ಅಜ್ಜಿ. “ಅವನು ಜೋಲಿ ಹೊಡೆಸೋದನ್ನ ನಾನು ಮಹಡಿಯಿಂದ ನೋಡಿದೀನಿ. ಆ ತೊಲೆ ಹೊಳೇಲಿ ಈಜೋದನ್ನ ದೊಡ್ಡವರೆಲ್ಲ ನೋಡ್ಲಿ ಬಿಡಿ.”

ಇಂಜಿನಿಯರ್ ಕನ್ನಡಿಯಲ್ಲಿ ತನ್ನ ಅರ್ಧ ತಲೆಯನ್ನು ನೋಡಿಕೊಂಡ.

“ಕಟಿಂಗ್ ಮುಗಿಸಿ ಮಾರಾಯರೇ,” ಎಂದ.

“ಮುಗಿಸ್ತೀನಿ ಸರ್. ನೀವು ಮೊದಲು ಮಾತು ಮುಗಿಸಿ,” ಎಂದ ಅಳಿಯ, ತುಂಬ ವಿನಯದಿಂದ.

ಇಂಜಿನಿಯರ್‌ಗೇ ನಗು ಬಂತು. “ಇಳಿ ತಾಯಿ, ಇಳಿ. ಆದ್ರೆ ಬೇಗ ಹತ್ತು.”

ಆ ದಿನ ಬಂತು. ಮಹಡಿಯ ಮೇಲೆ ಕಾಲಿಡಲು ಜಾಗವಿಲ್ಲ. ಬೀದಿಗೆ ಬೀದಿಯೇ ಹೊಳೆಯತ್ತ ಮುಖ ಮಾಡಿತ್ತು. ಚಿನಕುರುಳಿ ಅಪ್ಪನ ಹೆಗಲೇರಿದ್ದಳು. ಬೆಳಗಿನಿಂದ ಕ್ರೇನು ಸಣ್ಣಪುಟ್ಟ ಸಾಮಾನೆತ್ತಿ ಇಡುತ್ತಿತ್ತು. ದೊಡ್ಡವರ ಕಾರುಗಳು ಹೇಳಿದ್ದಕ್ಕಿಂತ ಮುಂಚೆಯೇ ಬಂದು ನಿಂತವು. ಶಾಮಿಯಾನದ ಕೆಳಗೆ ಕುರ್ಚಿಗಳು ತುಂಬಿದವು. ಇಂಜಿನಿಯರ್ ವಾಕಿಟಾಕಿ ಬಾಯಿಗಿಟ್ಟು ಮೇಲೆ ನೋಡುತ್ತ ಕೈ ಬೀಸುತ್ತಿದ್ದ: ಇಳಿಯಬೇಡ, ಬೇಡ, ಶುರು ಮಾಡು.

ಗೂಡಿನ ಬಾಗಿಲು ತೆರೆಯಿತು. ಹಳದಿ ಹೆಲ್ಮೆಟ್ಟಿನ ಸಣ್ಣ ಆಕೃತಿಯೊಂದು ಏಣಿಗೆ ಕಾಲಿಟ್ಟಿತು.

“ಅಯ್ಯೋ, ಇಳೀತಿದಾಳೆ!” ಎಂದ ಪಕ್ಕದಲ್ಲಿ ನಿಂತಿದ್ದ ಹಾಲಿನವನು. “ಹೆದರಿಕೊಂಡ್ಲಾ?”

“ಹೆದರಿಕೆ ನಿಮ್ಮಜ್ಜಿಗೆ!” ಎಂದಳು ಅಜ್ಜಿ. “ನನ್ನ ಮಗಳು ಟಾಯ್ಲೆಟ್ಟಿಗೆ ಹೋಗ್ತಿದಾಳೆ!”

ಗಾರ್ಮೆಂಟ್ಸಿನ ಗಂಟಲು, ಅಕ್ಕಪಕ್ಕದ ಮಹಡಿಗಳಿಗೂ ಕೇಳಿತು. ಒಂದು ಕ್ಷಣ ಎಲ್ಲರೂ ತಬ್ಬಿಬ್ಬಾದರು. ಆಮೇಲೆ ಯಾರೋ ಕಿಸಕ್ಕೆಂದರು, ಮಹಡಿಗಳೆಲ್ಲ ಗೊಳ್ಳೆಂದವು. ಹೆಂಗಸರ ಗುಂಪಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಶಾಮಿಯಾನದ ಕೆಳಗಿನ ದೊಡ್ಡವರು ಗಡಿಯಾರ ನೋಡಿಕೊಂಡರು, ಕಾದರು. ಮೇಲಿನಕ್ಕ ಇಳಿದಳು, ತಗಡಿನ ಮರೆಗೆ ಹೋದಳು, ಬಂದಳು, ಡ್ರಮ್ಮಿನ ಪಕ್ಕ ನಿಂತು ತಲೆಯೆತ್ತಿ ಗಟಗಟ ನೀರು ಕುಡಿದಳು, ಮತ್ತೆ ಒಂದೊಂದೇ ಮೆಟ್ಟಿಲಾಗಿ ಹತ್ತಿದಳು.

ಗರ್ಡರ್ ನೆಲ ಬಿಟ್ಟಿತು. ಅದು ಎದ್ದದ್ದೇ ತಿಳಿಯದ ಹಾಗೆ ಎದ್ದಿತು. ಗಾಳಿಗೆ ಒಂದು ತುದಿ ತುಸು ತಿರುಗಿತು. ಅಜ್ಜಿಯ ಉಗುರು ಅಳಿಯನ ತೋಳಿಗೆ ನಾಟಿತು. ಅವನು ಕೈ ಎಳೆದುಕೊಳ್ಳಲಿಲ್ಲ. ಕ್ರೇನು ನಿಂತಿತು, ಗಾಳಿ ಹಾದುಹೋಗುವವರೆಗೆ ಕಾಯಿತು. ಮತ್ತೆ ಚಲಿಸಿತು. ಅಷ್ಟು ದೊಡ್ಡ ಕಬ್ಬಿಣವು ತೊಟ್ಟಿಲಿಗೆ ಮಲಗಿಸುವ ಕೂಸಿನಂತೆ ಆ ಕಂಡಿಯೊಳಗೆ ಇಳಿಯಿತು. ಸೇತುವೆಯ ಮೇಲೆ ಸನ್ನೆಗೆ ನಿಂತವನ ಕೆಂಪು ಬಾವುಟ ಕೆಳಗಾಯಿತು. ಸೈರನ್ ಕೂಗಿತು. ಎರಡೂ ದಡಗಳು ಹೋ ಎಂದವು. ಹೆಲ್ಮೆಟ್ಟುಗಳು ಮೇಲಕ್ಕೆ ಹಾರಿದವು. ಮೀಸೆಯೇ ಎಲ್ಲರಿಗಿಂತ ಎತ್ತರಕ್ಕೆ ಹಾರಿಸಿದ. ಅಳಿಯ ಕಣ್ಣಿಗೆ ಧೂಳು ಬಿತ್ತೆಂದು ಒರೆಸಿಕೊಂಡ.

ಜನ ಮೆಟ್ಟಿಲಿಳಿದು ಸೇತುವೆಯ ಕಡೆಗೆ ಓಡತೊಡಗಿದರು. ಅಜ್ಜಿ ಮಾತ್ರ ಕಟ್ಟೆ ಹಿಡಿದು ನಿಂತೇ ಇದ್ದಳು.

“ಬನ್ನಿ ಅಜ್ಜಿ,” ಎಂದ ಹಾಲಿನವನು. “ಸೇತುವೆ ಆಯ್ತಲ್ಲ, ಇನ್ನೇನು ನೋಡ್ತಿದೀರಾ?”

“ಸೇತುವೆ ಎಲ್ಲಿಗೆ ಓಡಿಹೋಗತ್ತಪ್ಪ,” ಎಂದಳು ಅಜ್ಜಿ, ಏಣಿಯ ಮೇಲಿನ ಕಣ್ಣು ಕೀಳದೆ. “ನನ್ನ ಮಗಳು ಇಳೀಬೇಕು ಇನ್ನೂ.”